ಇಪ್ಪತ್ತು ನಿಮಿಷಕ್ಕೊಮ್ಮೆ

ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಏನ್ ಮಾಡ್ಕೊಂಡಿದ್ದೀಯಮ್ಮ ಈಗ?" ಎಂದು ಕೇಳಿದರೆ ನನಗೆ ಇಂದಿಗೂ ಕಷ್ಟವಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಅನ್ನುತ್ತೇನೆ. ಡಾಕ್ಟ್ರಾ? ಅಲ್ಲ. ನರ್ಸಾ? ಅಲ್ಲ. ಮತ್ತೆ? "ಹಾರ್ಟ್ ಆಪರೇಷನ್ ಮಾಡುವಾಗ ಒಂದು ಮಿಷನ್ ಇರುತ್ತೆ, ಅದನ್ನ ನಡೆಸ್ತೀನಿ" ಎಂದರೆ, "ಓ, ಟೆಕ್ನಿಷಿಯನ್ನು" ಎಂದು ಹೇಳಿ ಅವರು ಹೋಳಿಗೆ ಬಡಿಸುವವನನ್ನು ಕರೆಯುತ್ತಾರೆ. ನಮ್ಮ ಕೆಲಸಕ್ಕೆ ಪರ್ಫ್ಯೂಷನಿಸ್ಟ್ ಎಂದು ಹೆಸರು. ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಕೆಲವು ಗಂಟೆಗಳ ಕಾಲ ಯಂತ್ರದಿಂದ ಮಾಡಿಸುವವರು ನಾವು. ಅದರೊಳಗೆ ಇನ್ನೊಂದು ಕೆಲಸವಿದೆ. ಅದನ್ನು ಮದುವೆಮನೆಯಲ್ಲಿ ಹೇಳಲಾಗುವುದಿಲ್ಲ. ಬಡಿಯುತ್ತಿರುವ ಹೃದಯವನ್ನು ನಿಲ್ಲಿಸುವುದು, ನಿಂತಷ್ಟು ಹೊತ್ತೂ ಅದು ಸಾಯದಂತೆ ನೋಡಿಕೊಳ್ಳುವುದು. ನಾನು ಹೆಚ್ಚಾಗಿ ಕೂತಿರುವುದು ಮಕ್ಕಳ ಹೃದಯದ ಪಕ್ಕದಲ್ಲಿ.

ಐದು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 400 ಮಿಲಿಲೀಟರ್. ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟಿಗಿಂತ ಕಡಿಮೆ. ಹೃದಯ ಅದರ ಮುಷ್ಟಿಯಷ್ಟೇ. ಆ ಮುಷ್ಟಿಯೊಳಗಿನ ಗೋಡೆಯಲ್ಲಿ ತೂತಿದ್ದರೆ ಸರ್ಜನ್ ಅದಕ್ಕೆ ಬಟ್ಟೆಯ ತೇಪೆ ಹಾಕಿದಂತೆ ತೇಪೆ ಹಾಕಿ ಹೊಲಿಯಬೇಕು. ದಾರ ಕೂದಲಿನಷ್ಟು ಸಣ್ಣದು. ನಿಮಿಷಕ್ಕೆ 130 ಸಲ ಕುಣಿಯುತ್ತ, ರಕ್ತ ಚಿಮ್ಮಿಸುತ್ತ ಇರುವ ಮಾಂಸದೊಳಗೆ ಯಾರೂ ಹೊಲಿಯಲಾರರು. ಆದ್ದರಿಂದ ಹೃದಯ ನಿಲ್ಲಬೇಕು, ಖಾಲಿಯಾಗಬೇಕು.

ನಿಲ್ಲಿಸುವ ಕ್ರಮ ಹೇಳಲು ಸುಲಭ. ಮೊದಲು ಮಗುವಿನ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಕೊಡುತ್ತಾರೆ. ಹೃದಯಕ್ಕೆ ಬರುವ ಕೆಟ್ಟ ರಕ್ತ ಕೊಳವೆಯ ಮೂಲಕ ನನ್ನ ಯಂತ್ರಕ್ಕೆ ಬರುತ್ತದೆ. ಆಕ್ಸಿಜನ್ ತುಂಬಿಸಿಕೊಂಡು ಮಹಾಪಧಮನಿಗೆ ಹಿಂತಿರುಗುತ್ತದೆ. ಮಗುವಿನ ಮೈಯನ್ನು ನಿಧಾನವಾಗಿ ತಣ್ಣಗೆ ಮಾಡುತ್ತೇವೆ. ಆಮೇಲೆ ಸರ್ಜನ್ ಮಹಾಪಧಮನಿಗೆ ಅಡ್ಡಲಾಗಿ ಒಂದು ಕ್ಲಾಂಪ್ ಹಾಕುತ್ತಾರೆ. ಆ ಕ್ಷಣದಿಂದ ಇಡೀ ದೇಹಕ್ಕೆ ರಕ್ತ ಹೋಗುತ್ತದೆ, ಹೃದಯದ ಸ್ನಾಯುವಿಗೆ ಮಾತ್ರ ಹೋಗುವುದಿಲ್ಲ. ಊರಿಗೆಲ್ಲ ನೀರು ಹಂಚುವ ವಾಟರ್‌ಮನ್ ಮನೆಯ ನಲ್ಲಿಯೇ ಬಂದ್ ಆದ ಹಾಗೆ. ಕೂಡಲೇ ಕ್ಲಾಂಪಿನ ಕೆಳಗಿನ ಸೂಜಿಯಿಂದ ನಾನು ಒಂದು ದ್ರವ ಬಿಡುತ್ತೇನೆ. ಫ್ರಿಜ್ಜಿನ ನೀರಿನಷ್ಟು ತಣ್ಣಗೆ, 4 ಡಿಗ್ರಿ. ಅದರಲ್ಲಿ ಮುಖ್ಯವಾಗಿ ಪೊಟ್ಯಾಷಿಯಂ. ಅದಕ್ಕೆ ಕಾರ್ಡಿಯೋಪ್ಲೀಜಿಯಾ ಎನ್ನುತ್ತಾರೆ. ಮಾನಿಟರಿನಲ್ಲಿ ಏರಿಳಿಯುತ್ತಿದ್ದ ಗೆರೆ ಅಗಲವಾಗುತ್ತದೆ, ತೊದಲುತ್ತದೆ, ಆಮೇಲೆ ಮಲಗುತ್ತದೆ. ನಾನು ಗಡಿಯಾರ ನೋಡಿ ಹಾಳೆಯ ಮೇಲೆ ಸಮಯ ಬರೆಯುತ್ತೇನೆ.

ಸಿನಿಮಾದಲ್ಲಿ ಗೆರೆ ಮಲಗಿದರೆ ಎಲ್ಲರೂ ಅಳುತ್ತಾರೆ. ನಮ್ಮಲ್ಲಿ ಗೆರೆ ಮಲಗಿದರೆ ನೆಮ್ಮದಿ. ಬಡಿಯುವ ಹೃದಯಕ್ಕೆ ಬೇಕಾದ ಆಕ್ಸಿಜನ್ನಿಗೆ ಹೋಲಿಸಿದರೆ ನಿಂತ ಹೃದಯಕ್ಕೆ ಸುಮಾರು ಹತ್ತನೇ ಒಂದು ಭಾಗ ಸಾಕು. ತಣ್ಣಗಿದ್ದರೆ ಇನ್ನೂ ಕಡಿಮೆ. ರಕ್ತವೇ ಸಿಗದ ಹೊತ್ತಿನಲ್ಲಿ ಅದು ಬಡಿಯಲು ಹವಣಿಸಿದರೆ ಕೂಡಿಟ್ಟ ಶಕ್ತಿಯೆಲ್ಲ ಕರಗಿ ಸ್ನಾಯು ಸಾಯತೊಡಗುತ್ತದೆ. ಅದಕ್ಕೇ ಅದನ್ನು ಪೂರ್ತಿ ಮಲಗಿಸಬೇಕು. ಮಲಗಿದ್ದು ಅರೆಎಚ್ಚರವಾಗುವ ಮೊದಲೇ ಇನ್ನೊಂದು ಡೋಸ್ ಕೊಡಬೇಕು. ನಾನು ಕೆಲಸ ಕಲಿತ ಕಾಲಕ್ಕೆ ನಾವು ಬಳಸುತ್ತಿದ್ದ ದ್ರವಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ, ತಡವೆಂದರೆ ಇಪ್ಪತ್ತೈದಕ್ಕೆ.

ಈ ಅಳತೆ ಒಂದೇ ದಿನಕ್ಕೆ ಸಿಕ್ಕಿದ್ದಲ್ಲ. ಬಿ.ಎಸ್ಸಿ. ಪರ್ಫ್ಯೂಷನ್ ಟೆಕ್ನಾಲಜಿ ಓದುವಾಗ ನನಗೆ ತುಂಬ ಹಿಡಿಸಿದ ಪಾಠ ಇದರ ಚರಿತ್ರೆಯೇ. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯ 1880ರ ದಶಕದ ಮೊದಲಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪ್ರಯೋಗ ಮಾಡುತ್ತಿದ್ದ. ಹೃದಯ ಗಂಟೆಗಟ್ಟಲೆ ಬಡಿಯುತ್ತಿತ್ತು. ಆಮೇಲೆ ಗೊತ್ತಾದದ್ದು, ಬಳಸಿದ್ದು ಶುದ್ಧೀಕರಿಸಿದ ನೀರಲ್ಲ, ನಲ್ಲಿಯ ನೀರು! ಶುದ್ಧ ನೀರಿನಲ್ಲಿ ಮಾಡಿದರೆ ಹೃದಯ ಬೇಗ ನಿಂತುಹೋಗುತ್ತಿತ್ತು. ಲಂಡನ್ನಿನ ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ಬಡಿಸುತ್ತಿತ್ತು. ಬಡಿಯಲು ಕ್ಯಾಲ್ಸಿಯಂ, ನಿಲ್ಲಲು ಪೊಟ್ಯಾಷಿಯಂ: ನಮ್ಮ ಇಡೀ ಕಸುಬು ಈ ಎರಡರ ನಡುವೆ ನಡೆಯುತ್ತದೆ.

ಕೆನಡಾದ ಬಿಗೆಲೋ ಎಂಬ ಸರ್ಜನ್ ಚಳಿಗಾಲದಲ್ಲಿ ಬಿಲದೊಳಗೆ ನಿದ್ದೆ ಹೋಗುವ ಪ್ರಾಣಿಗಳನ್ನು ನೋಡಿ, ಮೈ ತಣ್ಣಗಾದರೆ ಜೀವಕ್ಕೆ ಬೇಕಾದ್ದು ಕಡಿಮೆ ಎಂದು ತೋರಿಸಿದ. 1952ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಜಾನ್ ಲೂಯಿಸ್ ಎಂಬಾತ ಐದು ವರ್ಷದ ಹುಡುಗಿಯ ಮೈ ತಣ್ಣಗೆ ಮಾಡಿ, ಐದೂವರೆ ನಿಮಿಷದಲ್ಲಿ ಅವಳ ಹೃದಯದ ತೂತು ಮುಚ್ಚಿದ. 1953ರಲ್ಲಿ ಗಿಬ್ಬನ್ ಎಂಬುವನ ಹೃದಯ-ಶ್ವಾಸಕೋಶ ಯಂತ್ರ ಒಬ್ಬ ಹುಡುಗಿಯನ್ನು ಉಳಿಸಿತು. ಆದರೆ ಆಮೇಲಿನ ಮಕ್ಕಳು ಉಳಿಯಲಿಲ್ಲ, ಅವನು ಕೈಬಿಟ್ಟ. 1954ರ ಮಾರ್ಚ್ ತಿಂಗಳಲ್ಲಿ ಅದೇ ಮಿನೆಸೋಟಾದ ಲಿಲ್ಲೆಹೈ ಯಂತ್ರವನ್ನೇ ಬಿಟ್ಟು, ಅಪ್ಪನನ್ನು ಮಗುವಿನ ಪಕ್ಕದ ಮೇಜಿನ ಮೇಲೆ ಮಲಗಿಸಿ ಅಪ್ಪನ ರಕ್ತವನ್ನು ಮಗುವಿನ ಮೈಗೆ ಹರಿಸಿದ. ಅಪ್ಪನ ಹೃದಯ ಇಬ್ಬರಿಗೂ ಬಡಿಯಿತು. ಆ ಮಗು ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೂ ಹೀಗೆ ಮಾಡಿದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಈ ಪಾಠ ಮುಗಿಸಿದ ದಿನ ನಮ್ಮ ಮೇಷ್ಟ್ರು, "ನೀವು ಕೂರೋದು ಆ ಅಪ್ಪನ ಜಾಗದಲ್ಲಿ, ನೆನಪಿರಲಿ" ಎಂದಿದ್ದರು.

ಪೊಟ್ಯಾಷಿಯಂ ಕೊಟ್ಟು ಹೃದಯ ನಿಲ್ಲಿಸಬಹುದೆಂದು 1955ರಲ್ಲಿ ತೋರಿಸಿದವನು ಲಂಡನ್ನಿನ ಡೆನಿಸ್ ಮೆಲ್ರೋಸ್. ಎಲ್ಲರೂ ಅದನ್ನು ಹಿಡಿದುಕೊಂಡರು. ಕೆಲವೇ ವರ್ಷಗಳಲ್ಲಿ, ಅವನ ದ್ರವದಿಂದ ಸ್ನಾಯುವಿಗೇ ಪೆಟ್ಟಾಗುತ್ತದೆಂದು ತಿಳಿದು ಅದನ್ನು ಬಿಟ್ಟರು. ಮದ್ದು ಸರಿಯಿತ್ತು, ಅಳತೆ ಹೆಚ್ಚಾಗಿತ್ತು. ಮುಂದೆ ಎಷ್ಟೋ ವರ್ಷ ಸರ್ಜನ್ನರು ಬರೀ ತಣ್ಣೀರನ್ನೂ ತಮ್ಮ ಕೈಯ ವೇಗವನ್ನೂ ನಂಬಿದ್ದರು. ಆಪರೇಷನ್ ಚೆನ್ನಾಗಿ ಆಗಿ, ಹೊಲಿಗೆಯೆಲ್ಲ ಸರಿಯಾಗಿ, ಹೃದಯ ಮಾತ್ರ ಮತ್ತೆ ಬಡಿಯದೆ ಬಿಗಿದು ಗಟ್ಟಿಯಾಗಿ ನಿಂತುಬಿಡುವುದಿತ್ತು. ಅಮೆರಿಕದ ಡೆಂಟನ್ ಕೂಲಿ 1972ರಲ್ಲಿ ಅದಕ್ಕೆ ಇಟ್ಟ ಹೆಸರು 'ಕಲ್ಲು ಹೃದಯ'. ಕನ್ನಡದಲ್ಲಿ ಕಲ್ಲೆದೆ ಅಂದರೆ ಕರುಣೆ ಇಲ್ಲದವನು. ಪಾಠದಲ್ಲಿ ಆ ಪದ ಬಂದಾಗ ನನಗೆ ಬೇರೆಯೇ ಅನ್ನಿಸಿತ್ತು. ಕಲ್ಲಾಗುವುದು ಹಸಿವಿನಿಂದ. ಸಡಿಲಗೊಳ್ಳಲೂ ಶಕ್ತಿ ಬೇಕು. ಆ ಶಕ್ತಿಯೂ ಮುಗಿದಾಗ ಹೃದಯ ಬಿಗಿದೇ ಉಳಿಯುತ್ತದೆ.

1970ರ ದಶಕದ ನಡುವಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಎಂಬ ಸಂಶೋಧಕನೂ ಬ್ರೇಂಬ್ರಿಜ್ ಎಂಬ ಸರ್ಜನ್ನನೂ ಸೇರಿ ಪೊಟ್ಯಾಷಿಯಂ ಕಡಿಮೆ ಮಾಡಿ, ಮೆಗ್ನೀಷಿಯಂ ಸೇರಿಸಿ, ಅಳತೆಯನ್ನು ಒಂದೊಂದಾಗಿ ಪರೀಕ್ಷಿಸಿ ಹೊಸ ದ್ರವ ಮಾಡಿದರು. ಆಮೇಲೆ ಲಾಸ್ ಏಂಜಲೀಸಿನ ಬಕ್‌ಬರ್ಗ್ ಅದನ್ನು ರೋಗಿಯ ರಕ್ತದಲ್ಲೇ ಬೆರೆಸಿ ಕೊಡುವುದು ಮೇಲೆಂದು ತೋರಿಸಿದ. ನಾನು ಕಲಿತದ್ದು ಆ ಸೇಂಟ್ ಥಾಮಸ್ ದ್ರವದಲ್ಲಿ. ಚಿಕ್ಕ ಆಂಪೂಲ್ ಒಡೆದು, ಬಾಟಲಿಗೆ ಬೆರೆಸಿ, ಅದನ್ನು ರಕ್ತದೊಂದಿಗೆ ಕೂಡಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ.

ಇಷ್ಟು ಹೇಳಿದ್ದು 2015ರ ಮಳೆಗಾಲದ ಒಂದು ದಿನಕ್ಕೆ ಬರಲು.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಮಗು ಹಾವೇರಿ ಕಡೆಯದು, ಏಳು ತಿಂಗಳು. ಅಂಗನವಾಡಿಗೆ ಬಂದಿದ್ದ ಸರ್ಕಾರದ ಬಾಲ ಸ್ವಾಸ್ಥ್ಯ ತಂಡದವರು ಎದೆಗೆ ಸ್ಟೆತಸ್ಕೋಪ್ ಇಟ್ಟು, ತುಟಿ-ಉಗುರಿನ ಬಣ್ಣ ನೋಡಿ ಕಳಿಸಿಕೊಟ್ಟ ಮಗು. ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಕಾಯಿಲೆ. ಗೋಡೆಯಲ್ಲಿ ದೊಡ್ಡ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ಆ ಇಕ್ಕಟ್ಟಿಗೆ ತಳ್ಳಿ ತಳ್ಳಿ ದಪ್ಪಗಾದ ಬಲಗಡೆಯ ಸ್ನಾಯು, ಎರಡೂ ಕಡೆಗೆ ಕಾಲು ಚಾಚಿದ ಮಹಾಪಧಮನಿ. ಅತ್ತಾಗ ಮಗು ನೀಲಿಗಟ್ಟುತ್ತಿತ್ತು. ಆಗ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದರೆ ಬಣ್ಣ ತಿರುಗುತ್ತದೆ ಎಂದು ಅದರ ಅಜ್ಜಿ ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಳು. ವೈದ್ಯರು ಹೇಳಿಕೊಡುವ ಉಪಾಯವೂ ಅದೇ.

ಮಕ್ಕಳ ಹೃದಯ ದೊಡ್ಡವರ ಹೃದಯದ ಚಿಕ್ಕ ಪ್ರತಿಯಲ್ಲ. ದೊಡ್ಡವರ ಸ್ನಾಯುವಿನ ಕಣ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಒಳಗೇ ಕಣಜದಲ್ಲಿ ಇಟ್ಟುಕೊಳ್ಳುತ್ತದೆ. ಎಳೆ ಕೂಸಿನ ಕಣದಲ್ಲಿ ಆ ಕಣಜ ಇನ್ನೂ ಪೂರ್ತಿ ಕಟ್ಟಿರುವುದಿಲ್ಲ. ಹೊರಗಿನ ರಕ್ತದ ಕ್ಯಾಲ್ಸಿಯಂ ನಂಬಿ ಬದುಕುತ್ತದೆ. ಆದ್ದರಿಂದ ಹೊರಗಿನ ಏರುಪೇರು ಅದಕ್ಕೆ ಬೇಗ ತಾಗುತ್ತದೆ. ಇನ್ನು ಹುಟ್ಟಿದಾಗಿನಿಂದ ನೀಲಿ ರಕ್ತದಲ್ಲೇ ಬೆಳೆದ, ದಪ್ಪಗಾದ ಸ್ನಾಯುವಿಗೆ ಕೂಡಿಟ್ಟ ಶಕ್ತಿ ಮೊದಲೇ ಕಡಿಮೆ. ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಕ್ಲಾಂಪ್ ಬಿತ್ತು, ಮೊದಲ ಡೋಸ್ ಹೋಯಿತು, ಗೆರೆ ಮಲಗಿತು. ಇಪ್ಪತ್ತು ನಿಮಿಷಕ್ಕೆ ಎರಡನೆಯದೂ ಸರಿಯಾಗಿ ಹೋಯಿತು. ಮೂರನೆಯದರ ಹೊತ್ತಿಗೆ ಸರ್ಜನ್ ತೂತಿನ ಅತಿ ಕಷ್ಟದ ಅಂಚಿನಲ್ಲಿದ್ದರು. ಹೃದಯದೊಳಗೆ ವಿದ್ಯುತ್ತು ಹರಿಯುವ ಎಳೆ ಆ ಅಂಚಿನಲ್ಲೇ ಹಾಯುತ್ತದೆ. ಸೂಜಿ ತಪ್ಪಿದರೆ ಮಗುವಿಗೆ ಜೀವನಪೂರ್ತಿ ಪೇಸ್‌ಮೇಕರ್. ಡೋಸ್ ಕೊಡಬೇಕೆಂದರೆ ಅವರು ಕೈ ನಿಲ್ಲಿಸಬೇಕು, ಒಳಗೆ ಎಳೆದು ಹಿಡಿದ ಕೊಕ್ಕೆಗಳನ್ನು ಸಡಿಲಿಸಬೇಕು. ಇಲ್ಲದಿದ್ದರೆ ಕವಾಟ ಸೊಟ್ಟಗಾಗಿ ದ್ರವ ಸ್ನಾಯುವಿಗೆ ಹೋಗದೆ ಒಳಗೆ ಸೋರುತ್ತದೆ. ಸ್ನಾಯುವಿಗೆ ಹೋದ ದ್ರವವೂ ಮತ್ತೆ ಅವರು ಹೊಲಿಯುವ ಜಾಗಕ್ಕೇ ಬಂದು ತುಂಬಿಕೊಳ್ಳುತ್ತದೆ. ಮತ್ತೆ ಜಾಗ ಹುಡುಕಿ ಶುರು ಮಾಡಬೇಕು.

"ಸರ್, ಇಪ್ಪತ್ತು ನಿಮಿಷ" ಎಂದೆ.

"ಎರಡು ನಿಮಿಷ" ಎಂದರು.

ಇಪ್ಪತ್ತೈದಕ್ಕೆ ಮತ್ತೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಅಸಿಸ್ಟೆಂಟ್ ಒಬ್ಬರಿಗೆ ಯಾವುದೋ ದಾರ ಸರಿಯಾಗಿ ಹಿಡಿಯಲಿಲ್ಲವೆಂದು ಅವರು ಗದರಿದರು. ಥಿಯೇಟರ್ ಮೌನವಾಯಿತು. ನಾನೂ ಮೌನವಾದೆ. ಮೂವತ್ತು ದಾಟಿತು. ಮೂವತ್ಮೂರೋ ಮೂವತ್ನಾಲ್ಕೋ ಇರಬೇಕು, ಮಲಗಿದ್ದ ಗೆರೆಯ ಮೇಲೆ ಒಂದು ಚಿಕ್ಕ ಉಬ್ಬು ಕಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹೃದಯ ಎಚ್ಚರವಾಗಲು ನೋಡುತ್ತಿತ್ತು. ಕಾಟರಿ ಬಳಸಿದಾಗಲೂ ಪರದೆಯ ಮೇಲೆ ಹೀಗೇ ಏನೇನೋ ಬರುತ್ತದೆ. ಅದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಕ್ಷಣದಲ್ಲಿ ಯಾರೂ ಕಾಟರಿ ಬಳಸುತ್ತಿರಲಿಲ್ಲ. ಅದೂ ನನಗೆ ಕಾಣುತ್ತಿತ್ತು.

ಡೋಸ್ ಹೋದದ್ದು ನಲವತ್ತೊಂದನೇ ನಿಮಿಷಕ್ಕೆ.

ಆಪರೇಷನ್ ಸುಂದರವಾಗಿ ಮುಗಿಯಿತು. ತೂತು ಮುಚ್ಚಿತ್ತು, ದಾರಿ ಅಗಲವಾಗಿತ್ತು. ಮಗುವನ್ನು ಬೆಚ್ಚಗೆ ಮಾಡಿದೆವು, ಕ್ಲಾಂಪ್ ತೆಗೆದರು. ಹೃದಯ ಬಡಿಯಿತು, ಆದರೆ ಒದ್ದೆ ಬಟ್ಟೆ ಅಲುಗಾಡಿದ ಹಾಗೆ ಬಡಿಯಿತು. ಯಂತ್ರದ ಹರಿವು ಕಡಿಮೆ ಮಾಡಿದರೆ ಬಿ.ಪಿ. ಬಿದ್ದುಹೋಗುತ್ತಿತ್ತು. ಮತ್ತೆ ಯಂತ್ರಕ್ಕೆ ಹಾಕಿ ಅರ್ಧ ಗಂಟೆ ಹೃದಯಕ್ಕೆ ವಿಶ್ರಾಂತಿ ಕೊಟ್ಟೆವು. ಅಡ್ರಿನಲಿನ್, ಮಿಲ್ರಿನೋನ್ ಶುರುವಾಯಿತು. ಎರಡನೇ ಸಲ ಹೇಗೋ ಯಂತ್ರ ಬಿಡಿಸಿದರು. ಸ್ನಾಯು ಊದಿಕೊಂಡಿದ್ದರಿಂದ ಎದೆಯ ಮೂಳೆ ಮುಚ್ಚಲಾಗಲಿಲ್ಲ. ಮೇಲೊಂದು ಪೊರೆ ಹಾಕಿ, ಎದೆ ತೆರೆದೇ ಐ.ಸಿ.ಯು.ಗೆ ಕಳಿಸಿದರು.

ಸಂಜೆ ನಾನು ಹಾಳೆ ಮುಗಿಸುತ್ತಿದ್ದೆ. ಯಾವ ಡೋಸ್ ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್, ಎಷ್ಟು ಡಿಗ್ರಿ, ಎಲ್ಲ ಕೈಯಲ್ಲಿ ಬರೆಯುವುದು. ನನ್ನ ಸೀನಿಯರ್ ಒಬ್ಬರು ಬಂದು ಹಾಳೆ ನೋಡಿದರು. ಒಳ್ಳೆಯ ಮನುಷ್ಯ, ನನಗೆ ಕೆಲಸ ಕಲಿಸಿದವರು. ಸಣ್ಣ ದನಿಯಲ್ಲಿ, "ನಲವತ್ತೊಂದು ಅಂತ ಯಾಕಮ್ಮ ಬರೀತೀಯ? ಮೂವತ್ತು ಅಂತ ಹಾಕು. ನಿನ್ನ ತಲೆಗೇ ಬರುತ್ತೆ" ಎಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಪೆನ್ನು ಕೈಯಲ್ಲಿತ್ತು. ಒಂದು ಸಂಖ್ಯೆ ಬದಲಿಸಿದರೆ ಆ ಹನ್ನೊಂದು ನಿಮಿಷ ಜಗತ್ತಿನಲ್ಲಿ ಎಲ್ಲೂ ಇರುತ್ತಿರಲಿಲ್ಲ. ನನ್ನ ತಲೆಯಲ್ಲಿ ಬಿಟ್ಟರೆ.

ನಾನು ಬದಲಿಸಲಿಲ್ಲ. ಇದನ್ನು ಧೈರ್ಯ ಎಂದು ಹೇಳಿಕೊಳ್ಳಲಾರೆ. ಧೈರ್ಯ ಬೇಕಿದ್ದದ್ದು ಇಪ್ಪತ್ತೈದನೇ ನಿಮಿಷದಲ್ಲಿ. ಕನ್ನಡದಲ್ಲಿ ಹೃದಯಕ್ಕೆ ಗುಂಡಿಗೆ ಅನ್ನುತ್ತೇವೆ, ಧೈರ್ಯಕ್ಕೂ ಗುಂಡಿಗೆ ಅನ್ನುತ್ತೇವೆ. ಎದೆ ಇದ್ದವನು, ಎದೆಗಾರಿಕೆ, ಎದೆಗುಂದುವುದು. ಒಂದು ಕೂಸಿನ ಗುಂಡಿಗೆಯನ್ನು ಕಾಯುವ ಕೆಲಸಕ್ಕೆ ಕೂತಿದ್ದ ನನಗೆ, ಬೇಕಾದ ಹೊತ್ತಿಗೆ ಗುಂಡಿಗೆ ಇರಲಿಲ್ಲ. ಬರೆದದ್ದು ಅದಕ್ಕೆ ಒಂದು ಬಗೆಯ ತಪ್ಪೊಪ್ಪಿಗೆ, ಅಷ್ಟೇ.

ಮೂರು ದಿನ ನಾನು ಕೆಲಸಕ್ಕೆ ಬಂದವಳೇ ಮೊದಲು ಐ.ಸಿ.ಯು. ಗಾಜಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಲ್ಯಾಕ್ಟೇಟ್ ಎಷ್ಟು, ಯೂರಿನ್ ಎಷ್ಟು ಬಂತು ಎಂದು ನರ್ಸನ್ನು ಕೇಳುತ್ತಿದ್ದೆ. ಎರಡನೇ ರಾತ್ರಿ ಕೆಟ್ಟದಾಗಿತ್ತು. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಯೂರಿನ್ ಬರತೊಡಗಿತು. ನಾಲ್ಕನೇ ದಿನ ಎದೆ ಮುಚ್ಚಿದರು.

ಅಂದು ಸಂಜೆ ಕಾರಿಡಾರಿನಲ್ಲಿ ಅಜ್ಜಿ ಕೂತಿದ್ದಳು. ನೆಲದ ಮೇಲೆ, ಗೋಡೆಗೆ ಒರಗಿ, ಪಕ್ಕದಲ್ಲಿ ರೊಟ್ಟಿಯ ಗಂಟು. ನನ್ನನ್ನು ನೋಡಿ ಕರೆದಳು.

"ಯವ್ವಾ, ಆ ಮಿಷನ್ ನಡಸಾಕಿ ನೀನ ಏನು?"

"ಹೌದಜ್ಜಿ."

"ಕೂಸಿನ ಗುಂಡಿಗಿ ನಿಂದರ್ಸಿದ್ರಂತ, ಖರೇ ಏನ?"

ಹೌದು ಎಂದೆ. ಪಕ್ಕದಲ್ಲಿ ಕೂತೆ.

"ಅದು ನಿಂತಾಗ ಜೀವಾ ಎಲ್ಲಿತ್ತವಾ?"

ಇಂಥ ಪ್ರಶ್ನೆಗೆ ನಮ್ಮ ಪುಸ್ತಕಗಳಲ್ಲಿ ಉತ್ತರ ಇಲ್ಲ. "ಜೀವ ಅಲ್ಲೇ ಇತ್ತಜ್ಜಿ. ತಣ್ಣಗೆ ಮಲಗಿಸಿದ್ವಿ. ರಕ್ತ ಓಡಿಸೋ ಕೆಲಸ ಅಷ್ಟೊತ್ತು ಮಿಷನ್ ಮಾಡ್ತಿತ್ತು" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಅಂದ್ರ ಹಗೇವಿನ್ಯಾಗ ಕಾಳ ಇಟ್ಟಂಗ" ಎಂದಳು.

ನಾನು ತುಮಕೂರು ಕಡೆಯವಳು, ಹಗೇವು ನೋಡಿದವಳಲ್ಲ. ಅವಳೇ ವಿವರಿಸಿದಳು. ನೆಲದೊಳಗೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಜೋಳ ತುಂಬಿ, ಗಾಳಿ ಆಡದಂತೆ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. "ಅದು ಸತ್ತಿರಂಗಿಲ್ಲ, ಎದ್ದಿರಂಗೂ ಇಲ್ಲ. ಮಲಗಿರ್ತೈತಿ. ಆದ್ರ ಯವ್ವಾ, ಇಡೂದು ಸಸಾರ, ತಗಿಯೂದು ಕಷ್ಟ. ಬಾಯಿ ತಗದ ಕೂಡ್ಲೆ ಇಳಿದ್ರ ಮನಶ್ಯಾ ಉಳಿಯಂಗಿಲ್ಲ. ಒಳಗಿನ ಗಾಳಿ ಕೆಟ್ಟಿರ್ತೈತಿ. ಮದ್ಲ ಕಂದೀಲ ಇಳೇಬಿಡ್ತಾರ. ದೀಪ ಆರಿದ್ರ ಯಾರೂ ಇಳಿಯಂಗಿಲ್ಲ."

ನನಗೆ ಮೈ ಜುಮ್ಮೆಂದಿತು. ನಮ್ಮ ವಿದ್ಯೆಯ ಅರ್ಧ ಭಾಗ ಅದೇ. ಕ್ಲಾಂಪ್ ತೆಗೆದು ರಕ್ತ ಮತ್ತೆ ಬಂದ ಕೂಡಲೇ ಹೃದಯ ಬದುಕಿತು ಎಂದಲ್ಲ. ಹಸಿದ ಸ್ನಾಯುವಿಗೆ ಒಮ್ಮೆಲೇ ರಕ್ತ ನುಗ್ಗಿದರೆ ಆಕ್ಸಿಜನ್ನೇ ವಿಷವಾಗುತ್ತದೆ, ಕ್ಯಾಲ್ಸಿಯಂ ಕಣದೊಳಗೆ ಪ್ರವಾಹದಂತೆ ನುಗ್ಗುತ್ತದೆ. ಕಾಪಾಡಲು ಬಂದ ರಕ್ತದಿಂದಲೇ ಪೆಟ್ಟು. ಅದಕ್ಕೇ ಕ್ಲಾಂಪ್ ತೆಗೆಯುವ ಹೊತ್ತಿಗೆ ಒತ್ತಡ ಇಳಿಸುತ್ತೇವೆ, ನಿಧಾನವಾಗಿ ಬೆಚ್ಚಗೆ ಮಾಡುತ್ತೇವೆ, ಕ್ಯಾಲ್ಸಿಯಂ ಕೊಡಲು ಅವಸರ ಮಾಡುವುದಿಲ್ಲ. ಅಕ್ಷರ ಬಾರದ ಈ ಅಜ್ಜಿ ಕಂದೀಲಿನ ಲೆಕ್ಕದಲ್ಲಿ ಅದನ್ನೇ ಹೇಳಿದ್ದಳು.

ಆಮೇಲೆ ಅವಳು ಕೇಳಿದಳು. "ಎಲ್ಲಾ ಸರಿ ಆತಂತ ಡಾಕ್ಟರ್ ಅಂದ್ರು. ಮತ್ತ ಮೂರು ದಿನ ಎದಿ ಯಾಕ ಮುಚ್ಚಲಿಲ್ಲ?"

"ಹೃದಯ ಊದ್ಕೊಂಡಿತ್ತಜ್ಜಿ, ಅದಕ್ಕೆ" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆ ನಲವತ್ತೊಂದು ನಿಮಿಷದಿಂದಲೇ ಹಾಗಾಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅಂಥ ದಪ್ಪ ಸ್ನಾಯುವಿನ ನೀಲಿ ಮಕ್ಕಳಲ್ಲಿ ಸಮಯಕ್ಕೆ ಸರಿಯಾಗಿ ಡೋಸ್ ಕೊಟ್ಟಾಗಲೂ ಹೀಗಾಗುವುದುಂಟು. ಆದರೆ ಹಾಳೆಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳು ಗಂಟು ಬಿಚ್ಚಿ, ಕಟಕ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗಿಟ್ಟಳು. ತಿಂದೆ. ಗಂಟಲಿನಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಮಗು ಎರಡು ವಾರಕ್ಕೆ ಮನೆಗೆ ಹೋಯಿತು. ತುಟಿ ಗುಲಾಬಿ ಬಣ್ಣಕ್ಕೆ ಬಂದಿತ್ತು.

ಸರ್ಜನ್ ಆ ಹಾಳೆಯನ್ನು ನೋಡಿದ್ದರು. ನನ್ನನ್ನು ಕರೆದು ಏನೂ ಕೇಳಲಿಲ್ಲ. ಮುಂದಿನ ಸೋಮವಾರ ಮೊದಲ ಕೇಸಿಗೆ ಕೈ ತೊಳೆದು ಒಳಗೆ ಬಂದವರು, ಗೌನ್ ತೊಡುತ್ತ ನನ್ನ ಕಡೆ ತಿರುಗಿ, "ಜೋರಾಗಿ ಹೇಳಿ. ನಾನು ಬೈದರೂ ಹೇಳಿ. ನಾನು 'ಕೇಳಿಸ್ತು' ಅನ್ನೋವರೆಗೂ ಹೇಳಿ" ಎಂದರು. ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಮಾತಿನಲ್ಲಿ ಅವರ ಪಾಲಿನ ತಪ್ಪೂ ಇತ್ತು ಎಂಬುದು ನನಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾನು ಅದನ್ನು ಬೈಗುಳ ಎಂದುಕೊಂಡಿದ್ದೆ.

ಈಗ ನಾವು ಬಳಸುವ ದ್ರವ ಬೇರೆ. 1990ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗಿನಲ್ಲಿ ಪೆಡ್ರೋ ಡೆಲ್ ನಿಡೋ ಮತ್ತು ಜೊತೆಗಾರರು ಮಕ್ಕಳ ಎಳೆ ಸ್ನಾಯುವನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಅದರಲ್ಲಿ ಲಿಡೋಕೇನ್ ಇದೆ, ಮೆಗ್ನೀಷಿಯಂ ಇದೆ, ಮ್ಯಾನಿಟಾಲ್ ಇದೆ. ನಾಲ್ಕು ಪಾಲು ದ್ರವಕ್ಕೆ ಒಂದು ಪಾಲು ರಕ್ತ. ಕ್ಯಾಲ್ಸಿಯಂ ಬರುವುದು ಆ ಒಂದು ಪಾಲು ರಕ್ತದಿಂದ ಮಾತ್ರ. ಕೆ.ಜಿ.ಗೆ 20 ಮಿಲಿಲೀಟರಿನಂತೆ ಒಂದೇ ಡೋಸ್ ಕೊಟ್ಟರೆ ಹೃದಯ ಒಂದು ಗಂಟೆಗೂ ಮೇಲೆ ಮಲಗಿರುತ್ತದೆ. 90 ನಿಮಿಷದವರೆಗೂ ಬಿಡುವವರಿದ್ದಾರೆ. ಸರ್ಜನ್ ಕೈ ನಿಲ್ಲಿಸಬೇಕಿಲ್ಲ, ಕೊಕ್ಕೆ ಸಡಿಲಿಸಬೇಕಿಲ್ಲ. ನನ್ನ ಆ ಹಳೆಯ ನಲವತ್ತೊಂದು ನಿಮಿಷ ಇವತ್ತಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಮಾತು ನೆಮ್ಮದಿ ಕೊಡಬೇಕಿತ್ತು. ಕೊಡುವುದಿಲ್ಲ.

ನನ್ನ ಬಳಿ ಈಗ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ, ಒಬ್ಬಳು ಶಿರಸಿಯವಳು, ಒಬ್ಬಳು ಕೋಲಾರದವಳು. ಮೊದಲ ದಿನವೇ ಅವರಿಗೆ ಒಂದು ರೂಢಿ ಹಾಕಿಸುತ್ತೇನೆ. ಗೆರೆ ಮಲಗಿದ ಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಸಮಯವನ್ನು ಕೂಗಿ ಹೇಳಬೇಕು. ಕೋಲಾರದ ಹುಡುಗಿ ಕೇಳಿದಳು, "ಮೇಡಂ, ಡೋಸ್ ಕೊಡೋದೇ ಇಲ್ವಲ್ಲ, ಯಾಕೆ ಹೇಳ್ಬೇಕು?" ಆಗ ಅವಳಿಗೆ ಹಾವೇರಿಯ ಮಗುವಿನ ಕಥೆ ಹೇಳಿದೆ. ನಲವತ್ತೊಂದನ್ನೂ ಹೇಳಿದೆ, ಉಬ್ಬಿದ ಗೆರೆಯನ್ನೂ ಹೇಳಿದೆ, ಅಜ್ಜಿಗೆ ಹೇಳದೆ ಬಿಟ್ಟದ್ದನ್ನೂ ಹೇಳಿದೆ. ಅವಳು ಕೇಳಿಸಿಕೊಂಡು ಸುಮ್ಮನಿದ್ದಳು.

ಕಳೆದ ವಾರ ಅವಳ ಸರದಿ. ನಾಲ್ಕು ಕೆ.ಜಿ. ಮಗು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಗೆರೆ ಮಲಗಿತು. ಅವಳು ಸಮಯ ಬರೆದುಕೊಂಡಳು. ಸರ್ಜನ್ ಹೊಲಿಗೆಯಲ್ಲಿ ಮುಳುಗಿದ್ದರು, ಅನೆಸ್ತೀಷಿಯಾದವರು ಏನೋ ಮಾತಾಡುತ್ತಿದ್ದರು.

"ಇಪ್ಪತ್ತು ನಿಮಿಷ, ಸರ್" ಎಂದಳು. ದನಿ ಸಣ್ಣದಾಗಿತ್ತು. ಉತ್ತರ ಬರಲಿಲ್ಲ.

ನಾನು ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಸ್ಟೂಲಿನಿಂದ ಅರ್ಧ ಎದ್ದು, ಮಾಸ್ಕಿನೊಳಗಿಂದ ಇಡೀ ಥಿಯೇಟರಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದಳು.

"ಕೇಳಿಸ್ತಮ್ಮ" ಎಂದರು ಸರ್ಜನ್.

ಅವಳು ಕೂತು ಹಾಳೆಯ ಮೇಲೆ ಗುರುತು ಹಾಕಿದಳು.